ಕೆರೆ ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವುದು ಹೇಗೆ: ವಿಂಕ್ಲರ್ ವಿಧಾನದ ಸಮಗ್ರ ಮಾರ್ಗದರ್ಶಿ

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂಥ ಘಟನೆ ಎಲ್ಲಿ ನಡೆದರೂ ಯಾರೋ ವಿಷ ಬೆರೆಸಿದ್ದಾರೆ ಎಂಬ ಮಾತು ಮೊದಲು ಹುಟ್ಟುತ್ತದೆ. ಆದರೆ ಕೊಳಚೆ ಸೇರುವ ಕೆರೆಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ, ನೀರಿನಲ್ಲಿ ಆಮ್ಲಜನಕ ಮುಗಿದಾಗ. ಸುದ್ದಿ ಹರಡಿ, ಜನ ಸೇರಿ, ಮಾದರಿ ತೆಗೆಯುವ ಹೊತ್ತಿಗೆ ಗಂಟೆ ಹನ್ನೊಂದಾಗಿರುತ್ತದೆ. ಅಷ್ಟರಲ್ಲಿ ಬಿಸಿಲು ಬಿದ್ದು ಪಾಚಿ ಮತ್ತೆ ಆಮ್ಲಜನಕ ಉತ್ಪಾದಿಸಲು ಶುರು ಮಾಡಿರುತ್ತದೆ, ವರದಿಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಕೆರೆಯ ಆಮ್ಲಜನಕದ ವಿಷಯದಲ್ಲಿ ಯಾವ ಉಪಕರಣ ಎಂಬುದಕ್ಕಿಂತ ಯಾವ ಹೊತ್ತು, ಎಷ್ಟು ಆಳ ಎಂಬುದೇ ಮುಖ್ಯ. ಕಾಲೇಜು ಪ್ರಯೋಗಾಲಯದ ಗಾಜಿನ ಸಾಮಾನಿದ್ದರೆ ಈ ಅಳತೆಯನ್ನು 0.1 ಮಿ.ಗ್ರಾಂವರೆಗೆ ನಿಖರವಾಗಿ ಮಾಡಬಹುದು.

ಗಾಳಿ ಎಷ್ಟು ಕೊಡುತ್ತದೆ

ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿದೆ. ಅದು ನೀರಿನಲ್ಲಿ ಎಷ್ಟು ಕರಗಬೇಕೆಂಬುದನ್ನು ನಿರ್ಧರಿಸುವುದು ಹೆನ್ರಿಯ ನಿಯಮ: ನೀರಿನ ಮೇಲೆ ಅನಿಲದ ಒತ್ತಡ ಹೆಚ್ಚಿದಷ್ಟು ಕರಗುವ ಪ್ರಮಾಣವೂ ಹೆಚ್ಚು. ಉಷ್ಣತೆ ಏರಿದರೆ ಕರಗುವುದು ಕಡಿಮೆ. ಸಮುದ್ರ ಮಟ್ಟದಲ್ಲಿ ಸಿಹಿನೀರು ಗಾಳಿಯೊಂದಿಗೆ ಪೂರ್ತಿ ಸಮತೋಲನಕ್ಕೆ ಬಂದಾಗ ಒಂದು ಲೀಟರಿನಲ್ಲಿ ಇರುವ ಆಮ್ಲಜನಕ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.1 ಮಿ.ಗ್ರಾಂ, 24 ಡಿಗ್ರಿಯಲ್ಲಿ 8.4, 26ರಲ್ಲಿ 8.1, 28ರಲ್ಲಿ 7.8, 30ರಲ್ಲಿ 7.6. ಇದಕ್ಕೆ ಸಂತೃಪ್ತ ಮಟ್ಟ ಎನ್ನುತ್ತಾರೆ.

ಮಂಗಳೂರಿನವರು ಈ ಅಂಕಿಗಳನ್ನು ಹಾಗೆಯೇ ಬಳಸಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಹಾಗಾಗಿ ಪ್ರತಿ ಅಂಕಿಯನ್ನು 0.89ರಿಂದ ಗುಣಿಸಬೇಕು. 28 ಡಿಗ್ರಿಯಲ್ಲಿ ಮಂಗಳೂರಿನ 7.8 ಬೆಂಗಳೂರಿನಲ್ಲಿ 7.0 ಆಗುತ್ತದೆ. ಮೈಸೂರಿಗೆ 0.91 ಸಾಕು. ಎಲೆಕ್ಟ್ರಾನಿಕ್ ಮೀಟರ್ ಬಳಸುವವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಒತ್ತಡವನ್ನು ತಾನೇ ಅರಿಯದ ಮೀಟರನ್ನು ಸಮುದ್ರ ಮಟ್ಟದ ಕೋಷ್ಟಕಕ್ಕೆ ಹೊಂದಿಸಿ ಬೆಂಗಳೂರಿನ ಕೆರೆಗೆ ಇಳಿಸಿದರೆ, ಅದು ಇದ್ದದ್ದಕ್ಕಿಂತ ಶೇ. 10ಕ್ಕೂ ಹೆಚ್ಚು ತೋರಿಸುತ್ತದೆ. ಮೀಟರ್ ಸರಿಯಿದೆಯೇ ಎಂದು ಪರೀಕ್ಷಿಸಲೂ ಮುಂದೆ ಹೇಳುವ ವಿಧಾನವೇ ಆಧಾರ.

ವಿಂಕ್ಲರ್ ವಿಧಾನದ ಒಳಗುಟ್ಟು

ಹಂಗೇರಿಯ ರಸಾಯನವಿಜ್ಞಾನಿ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನ ಇದು. ಕರಗಿದ ಅನಿಲವನ್ನು ತಪ್ಪಿಸಿಕೊಳ್ಳಲಾಗದ ಗಸಿಯಾಗಿ ಬಾಟಲಿಯೊಳಗೇ ಹಿಡಿದಿಡುವುದು ಇದರ ತಿರುಳು. ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಸೇರಿದಾಗ ಮ್ಯಾಂಗನೀಸ್ ಹೈಡ್ರಾಕ್ಸೈಡ್‌ನ ಬಿಳಿ ಗಸಿ ಹುಟ್ಟುತ್ತದೆ. ನೀರಿನಲ್ಲಿ ಆಮ್ಲಜನಕವಿದ್ದರೆ ಅದು ಕೂಡಲೇ ಈ ಗಸಿಯನ್ನು ಉತ್ಕರ್ಷಿಸಿ ಕಂದು ಮಾಡುತ್ತದೆ. ಆಮೇಲೆ ಆಮ್ಲ ಹಾಕಿದಾಗ ಕಂದು ಮ್ಯಾಂಗನೀಸ್, ಕ್ಷಾರದ ಜೊತೆಗೇ ಹಾಕಿದ್ದ ಅಯೊಡೈಡನ್ನು ಅಯೋಡಿನ್ ಆಗಿಸುತ್ತದೆ. ಆ ಅಯೋಡಿನ್ ಎಷ್ಟಿದೆ ಎಂಬುದನ್ನು, ಅದನ್ನು ಇಲ್ಲವಾಗಿಸುವ ಥಯೋಸಲ್ಫೇಟಿನಿಂದ ಅಳೆಯುತ್ತಾರೆ. ಒಂದು ಆಮ್ಲಜನಕ ಅಣುವಿಗೆ ಎರಡು ಅಯೋಡಿನ್ ಅಣು, ಅವಕ್ಕೆ ನಾಲ್ಕು ಥಯೋಸಲ್ಫೇಟ್. ಈ ಲೆಕ್ಕ ಗಟ್ಟಿಯಾದ್ದರಿಂದಲೇ ವಿಧಾನ ಇಷ್ಟು ಕಾಲ ಉಳಿದಿದೆ.

ಕೊಳಚೆ ನೀರಿನಲ್ಲಿ ನೈಟ್ರೈಟ್ ಇರುತ್ತದೆ. ಅದೂ ಅಯೋಡಿನ್ ಬಿಡಿಸಿ, ಇಲ್ಲದ ಆಮ್ಲಜನಕವನ್ನು ಇದೆಯೆಂದು ತೋರಿಸುತ್ತದೆ. ಅದನ್ನು ನಾಶಮಾಡಲು ಸೋಡಿಯಂ ಅಜೈಡ್ ಸೇರಿಸುವುದೇ ಈಗಿನ ಪರಿಷ್ಕೃತ ರೂಪ.

ದ್ರಾವಣಗಳು

ಪ್ರತಿ ಪರೀಕ್ಷೆಗೆ ಮೊದಲೆರಡು ದ್ರಾವಣಗಳಲ್ಲಿ 1 ಮಿ.ಲೀ. ಅಷ್ಟೇ ಸಾಕಾಗುವುದರಿಂದ 100 ಮಿ.ಲೀ. ಮಾಡಿಟ್ಟುಕೊಂಡರೆ ನೂರು ಬಾಟಲಿಗೆ ಆಗುತ್ತದೆ.

ಮ್ಯಾಂಗನೀಸ್ ಸಲ್ಫೇಟ್: ಡಬ್ಬಿಯ ಮೇಲೆ ಟೆಟ್ರಾಹೈಡ್ರೇಟ್ ಎಂದಿದ್ದರೆ 48 ಗ್ರಾಂ, ಮಾನೋಹೈಡ್ರೇಟ್ ಎಂದಿದ್ದರೆ 36.4 ಗ್ರಾಂ. ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿ, ಸೋಸಿ, 100 ಮಿ.ಲೀ.ಗೆ ತನ್ನಿ.

ಕ್ಷಾರ-ಅಯೊಡೈಡ್-ಅಜೈಡ್: 50 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 13.5 ಗ್ರಾಂ ಸೋಡಿಯಂ ಅಯೊಡೈಡ್. ಬೋರೋಸಿಲಿಕೇಟ್ ಬೀಕರನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೀರಿಗೆ ಕ್ಷಾರವನ್ನು ಸ್ವಲ್ಪಸ್ವಲ್ಪವೇ ಹಾಕುತ್ತಾ ಕಲಕಿ. ಒಟ್ಟಿಗೆ ಸುರಿದರೆ ಕುದಿದು ಎರಚುತ್ತದೆ. ತಣ್ಣಗಾದ ಮೇಲೆ ಅಯೊಡೈಡ್ ಸೇರಿಸಿ 100 ಮಿ.ಲೀ. ಮಾಡಿ, 4 ಮಿ.ಲೀ. ನೀರಿನಲ್ಲಿ ಕರಗಿಸಿದ 1 ಗ್ರಾಂ ಸೋಡಿಯಂ ಅಜೈಡನ್ನು ಬೆರೆಸಿ. ಕಂದು ಬಣ್ಣದ ಬಾಟಲಿಗೆ ರಬ್ಬರ್ ಬಿರಡೆ ಹಾಕಿಡಿ, ಗಾಜಿನ ಬಿರಡೆ ಕ್ಷಾರಕ್ಕೆ ಕಚ್ಚಿಕೊಳ್ಳುತ್ತದೆ. ಈ ದ್ರಾವಣದ ಒಂದೆರಡು ಹನಿಯನ್ನು ನೀರಿಗೆ ಹಾಕಿ, ಆಮ್ಲ ಬೆರೆಸಿ, ಪಿಷ್ಟ ಹಾಕಿದಾಗ ನೀಲಿ ಬಂದರೆ ಅದರಲ್ಲಿ ಮೊದಲೇ ಅಯೋಡಿನ್ ಇದೆ ಎಂದರ್ಥ. ಚೆಲ್ಲಿ ಹೊಸದು ಮಾಡಿ.

ಅಜೈಡ್ ತೀವ್ರ ವಿಷ. ಅದರ ಮೂಲ ದ್ರಾವಣಕ್ಕೆ ಆಮ್ಲ ತಾಗಿದರೆ ವಿಷಾನಿಲ ಏಳುತ್ತದೆ. ತಾಮ್ರ ಅಥವಾ ಸೀಸದ ಕೊಳವೆಯ ಸಿಂಕಿಗೆ ಚೆಲ್ಲುತ್ತಾ ಹೋದರೆ ಸ್ಫೋಟಕ ಲವಣ ಕಟ್ಟಿಕೊಳ್ಳುತ್ತದೆ. ಇದನ್ನು ತೂಗುವ ಕೆಲಸವನ್ನು ಪ್ರಯೋಗಾಲಯದ ಅನುಭವಿಗಳೇ ಮಾಡಬೇಕು, ವಿದ್ಯಾರ್ಥಿಗಳ ಕೈಗೆ ಕೊಡಬಾರದು. ಕನ್ನಡಕ, ಕೈಗವಸು ಇಲ್ಲದೆ ಮುಂದಿನ ಯಾವ ಹಂತವನ್ನೂ ಮಾಡಬೇಡಿ.

ಥಯೋಸಲ್ಫೇಟ್, 0.025 ಮೋಲಾರ್: 6.205 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಪೆಂಟಾಹೈಡ್ರೇಟ್ ಮತ್ತು ಕೆಡದಿರಲು 0.4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, ಒಟ್ಟು 1 ಲೀಟರ್. ನೀರನ್ನು ಮೊದಲು ಕುದಿಸಿ ಆರಿಸಿ. ಕುದಿಸದಿದ್ದರೆ ಕರಗಿದ ಇಂಗಾಲದ ಡೈಆಕ್ಸೈಡ್ ಮತ್ತು ಬ್ಯಾಕ್ಟೀರಿಯಾ ಸೇರಿ ಥಯೋಸಲ್ಫೇಟನ್ನು ಒಡೆಯುತ್ತವೆ.

ಪಿಷ್ಟ: 2 ಗ್ರಾಂ ಸಾಲ್ಯುಬಲ್ ಸ್ಟಾರ್ಚ್, 0.2 ಗ್ರಾಂ ಸ್ಯಾಲಿಸಿಲಿಕ್ ಆಮ್ಲ, 100 ಮಿ.ಲೀ. ಬಿಸಿನೀರು. ಇದಲ್ಲದೆ ಗಾಢ ಸಲ್ಫ್ಯೂರಿಕ್ ಆಮ್ಲ ಬೇಕು.

ಥಯೋಸಲ್ಫೇಟಿನ ಬಲವನ್ನು ಅಳತೆಯ ದಿನವೇ ಪರೀಕ್ಷಿಸಿ. ಪೊಟ್ಯಾಸಿಯಂ ಬೈ-ಅಯೊಡೇಟ್ 812.4 ಮಿ.ಗ್ರಾಂ ಒಂದು ಲೀಟರಿನಲ್ಲಿ ಕರಗಿಸಿಡಿ. ಕೋನಿಕಲ್ ಫ್ಲಾಸ್ಕ್‌ನಲ್ಲಿ 100 ಮಿ.ಲೀ. ನೀರು, 2 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, ಕೆಲವು ಹನಿ ಗಾಢ ಆಮ್ಲ, ಅದಕ್ಕೆ ಪಿಪೆಟ್‌ನಿಂದ 20.00 ಮಿ.ಲೀ. ಬೈ-ಅಯೊಡೇಟ್ ಹಾಕಿ, 200 ಮಿ.ಲೀ. ಮಾಡಿ ಟೈಟ್ರೇಟ್ ಮಾಡಿ, ಅಂದರೆ ಅಯೋಡಿನ್ನಿನ ಬಣ್ಣ ಹೋಗುವವರೆಗೆ ಥಯೋಸಲ್ಫೇಟನ್ನು ಅಳೆದು ಹನಿಹನಿಯಾಗಿ ಬಿಡಿ. 20.0 ಮಿ.ಲೀ. ಹಿಡಿದರೆ ಬಲ ಸರಿ. 20.6 ಹಿಡಿದರೆ 20 ಭಾಗಿಸು 20.6, ಅಂದರೆ 0.97. ಅಂದಿನ ಎಲ್ಲ ಫಲಿತಾಂಶಗಳನ್ನೂ ಈ ಅಂಕಿಯಿಂದ ಗುಣಿಸಿ.

ಮಾದರಿ ತೆಗೆಯುವುದು

ಒಟ್ಟು ಕೆಲಸದಲ್ಲಿ ಹಾಳಾಗುವುದು ಹೆಚ್ಚಾಗಿ ಈ ಹಂತವೇ. ಬಕೆಟ್‌ನಲ್ಲಿ ನೀರೆತ್ತಿ ಬಾಟಲಿಗೆ ಸುರಿದರೆ ಸುರಿಯುವಾಗಲೇ ಗಾಳಿ ಬೆರೆತು 1 ಮಿ.ಗ್ರಾಂ ಇದ್ದ ನೀರು 4 ತೋರಿಸಬಹುದು. ಪಾಚಿ ತುಂಬಿದ ಮಧ್ಯಾಹ್ನದ ನೀರಿನಲ್ಲಿ ಇದೇ ತಪ್ಪು ಉಲ್ಟಾ ಆಗುತ್ತದೆ, ಹೆಚ್ಚುವರಿ ಆಮ್ಲಜನಕ ಹಾರಿಹೋಗುತ್ತದೆ.

ಬೇಕಾದದ್ದು 300 ಮಿ.ಲೀ.ನ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಬಾಟಲಿ: ಗಾಜಿನ ಓರೆ ಬಿರಡೆ, ಬಾಯಿಯ ಸುತ್ತ ನೀರು ನಿಲ್ಲುವ ಬಟ್ಟಲಿನಂಥ ಅಂಚು ಇರುವಂಥದ್ದು. ಆಳದ ನೀರಿಗೆ ಸ್ಯಾಂಪ್ಲರ್ ಇಲ್ಲದಿದ್ದರೆ ಹೀಗೆ ಮಾಡಿಕೊಳ್ಳಬಹುದು. ಬಿಗಿ ಮುಚ್ಚಳದ 2 ಲೀಟರ್ ಅಗಲ ಬಾಯಿಯ ಡಬ್ಬದೊಳಗೆ ಬಿಒಡಿ ಬಾಟಲಿಯನ್ನು ಅಲುಗದಂತೆ ನಿಲ್ಲಿಸಿ. ಮುಚ್ಚಳದಲ್ಲಿ ಎರಡು ತೂತು. ಒಂದರಿಂದ ನಳಿಕೆ ಬಾಟಲಿಯ ತಳದವರೆಗೆ ಇಳಿಯಬೇಕು, ಅದರ ಹೊರಬಾಯಿಗೆ ದಾರ ಕಟ್ಟಿದ ಬಿರಡೆ. ಇನ್ನೊಂದು ತೂತಿಗೆ ಉದ್ದದ ಪ್ಲಾಸ್ಟಿಕ್ ನಳಿಕೆ, ಅದರ ತುದಿ ನೀರಿನ ಮೇಲೆ ನಿಮ್ಮ ಕೈಯಲ್ಲಿರಬೇಕು. ಕೆಳಗೆ 4 ಕೆಜಿಯ ಕಲ್ಲು ಕಟ್ಟಿ. 2 ಕೆಜಿ ಕಲ್ಲು ಸಾಲದು, ಗಾಳಿ ತುಂಬಿದ ಡಬ್ಬ ಅದನ್ನೂ ಎತ್ತಿಕೊಂಡು ತೇಲುತ್ತದೆ. ಬೇಕಾದ ಆಳಕ್ಕೆ ಇಳಿಸಿ ದಾರ ಎಳೆಯಿರಿ. ನೀರು ಬಾಟಲಿಯ ತಳದಿಂದ ತುಂಬಿ, ಬಾಯಿಂದ ಉಕ್ಕಿ, ಡಬ್ಬವನ್ನು ತುಂಬುತ್ತದೆ. ಮೊದಲು ಗಾಳಿ ತಾಗಿದ ನೀರೆಲ್ಲ ಹೀಗೆ ಹೊರಬಿದ್ದು, ಬಾಟಲಿಯಲ್ಲಿ ಉಳಿಯುವುದು ತಾಜಾ ನೀರು ಮಾತ್ರ. ಕೈಯಲ್ಲಿನ ನಳಿಕೆಯಿಂದ ಗಾಳಿ ಬರುವುದು ನಿಂತಾಗ ಎತ್ತಿ.

ಬಾಟಲಿಯ ಗೋಡೆಗೆ ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಬಿಡಿಸಿ, ಬಿರಡೆ ಹಾಕಿ. ಬಿರಡೆಯ ಕೆಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಆ ಬಾಟಲಿ ಬೇಡ. ನೀರಿನ ಉಷ್ಣತೆಯನ್ನು ಅದೇ ಆಳದಲ್ಲಿ, ಅದೇ ಕ್ಷಣದಲ್ಲಿ ಬರೆದುಕೊಳ್ಳಿ.

ಕನಿಷ್ಠ ಮೂರು ಜಾಗ ಬೇಕು: ರಾಜಕಾಲುವೆ ಕೆರೆಗೆ ಸೇರುವಲ್ಲಿ, ಏರಿಯ ತೂಬಿನ ಬಳಿ, ಕೋಡಿಯ ಬಳಿ. ತೂಬಿನ ಬಳಿ ಸಾಮಾನ್ಯವಾಗಿ ಆಳ ಹೆಚ್ಚು. ಅಲ್ಲಿ ಮೇಲಿನಿಂದ 30 ಸೆ.ಮೀ. ಮತ್ತು ತಳದಿಂದ 50 ಸೆ.ಮೀ. ಮೇಲೆ, ಎರಡೂ ಕಡೆ ತೆಗೆಯಿರಿ. ಅಂತರಗಂಗೆ ಹಬ್ಬಿದ್ದರೆ ಅದರ ಅಡಿಯಲ್ಲೊಂದು. ಹಸಿರು ಹಾಸು ನೋಡಿ ಅಲ್ಲಿ ಆಮ್ಲಜನಕ ಹೆಚ್ಚೆಂದು ಭಾವಿಸುವವರಿದ್ದಾರೆ. ಆ ಗಿಡದ ಎಲೆಗಳು ಆಮ್ಲಜನಕ ಬಿಡುವುದು ಗಾಳಿಗೆ, ನೀರಿಗಲ್ಲ. ನೀರಿಗೆ ಅದು ಬೆಳಕನ್ನೂ ಗಾಳಿಯನ್ನೂ ತಡೆಯುವ ಮುಚ್ಚಳ.

ಹೊತ್ತು: ಸೂರ್ಯೋದಯಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಒಂದು, ಮಧ್ಯಾಹ್ನ 2ರಿಂದ 3ರೊಳಗೆ ಒಂದು. ಒಂದೇ ಸಲ ಮಾತ್ರ ಸಾಧ್ಯವೆಂದಾದರೆ ಮುಂಜಾವಿನದ್ದನ್ನೇ ಆರಿಸಿ.

ಸ್ಥಳದಲ್ಲೇ ಹಿಡಿದಿಡುವುದು

ಬಿರಡೆ ತೆಗೆದು, ಪಿಪೆಟ್‌ನ ತುದಿಯನ್ನು ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗಿಟ್ಟು 1 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, ಹಾಗೆಯೇ 1 ಮಿ.ಲೀ. ಕ್ಷಾರ-ಅಯೊಡೈಡ್-ಅಜೈಡ್ ಬಿಡಿ. ಎರಡಕ್ಕೂ ಬೇರೆಬೇರೆ ಪಿಪೆಟ್ ಇರಲಿ, ರಬ್ಬರ್ ಬಲ್ಬ್‌ನಿಂದಲೇ ಎಳೆಯಿರಿ, ಬಾಯಿಂದ ಎಂದಿಗೂ ಬೇಡ. ಬಿರಡೆ ಹಾಕಿ. ಹೊರಚೆಲ್ಲುವ ನೀರಿನಲ್ಲಿ ಕ್ಷಾರವಿರುವುದರಿಂದ ತಟ್ಟೆಯ ಮೇಲಿಟ್ಟು ಮಾಡುವುದು ಒಳ್ಳೆಯದು. ಬಾಟಲಿಯನ್ನು ಹತ್ತು ಹದಿನೈದು ಸಲ ತಲೆಕೆಳಗು ಮಾಡಿ ತಿರುಗಿಸಿ.

ಈಗ ಗಸಿಯ ಬಣ್ಣ ನೋಡಿ. ಹಾಕಿದ ಕ್ಷಣ ಕತ್ತಿನ ಬಳಿ ಬೆಳ್ಳಗೆ ಎಳೆ ಎಳೆಯಾಗಿ ಹುಟ್ಟುವ ಗಸಿ, ಆಮ್ಲಜನಕವಿರುವ ನೀರಿನಲ್ಲಿ ಕೆಳಗಿಳಿಯುತ್ತಾ ಹಳದಿಯಾಗಿ, ಬಾಟಲಿ ತಿರುಗಿಸಿದಂತೆ ಕಾಫಿ ಬಣ್ಣಕ್ಕೆ ಬರುತ್ತದೆ. ಕೊಳಚೆ ಸೇರುವ ಬಾಯಿಯಲ್ಲಿ ಮುಂಜಾನೆ ತೆಗೆದ ಬಾಟಲಿಯಲ್ಲಿ ಅದು ಹಾಲಿನಂತೆ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಟೈಟ್ರೇಶನ್ನಿಗೆ ಮೊದಲೇ, ಕೆರೆಯ ದಡದಲ್ಲೇ ಉತ್ತರ ಸಿಕ್ಕಿಬಿಡುತ್ತದೆ. ಊರಿನವರಿಗೆ ಕೆರೆಯ ಸ್ಥಿತಿ ಮನದಟ್ಟಾಗಬೇಕಾದರೆ ಮುಂಜಾವಿನ ಮತ್ತು ಮಧ್ಯಾಹ್ನದ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ಗಸಿ ಅರ್ಧ ಬಾಟಲಿಗೆ ಇಳಿಯುವವರೆಗೆ ಬಿಟ್ಟು, ಮತ್ತೊಮ್ಮೆ ತಿರುಗಿಸಿ, ಮತ್ತೆ ಇಳಿಯಲು ಬಿಡಿ. ಆಮೇಲೆ 1 ಮಿ.ಲೀ. ಗಾಢ ಸಲ್ಫ್ಯೂರಿಕ್ ಆಮ್ಲವನ್ನು ಕತ್ತಿನ ಗೋಡೆಗುಂಟ ಬಿಟ್ಟು, ಬಿರಡೆ ಹಾಕಿ, ಗಸಿ ಪೂರ್ತಿ ಕರಗುವವರೆಗೆ ತಿರುಗಿಸಿ. ಆಗ ಹೊರಚೆಲ್ಲುವುದು ಗಸಿಯಿಲ್ಲದ ಮೇಲಿನ ತಿಳಿ ಮಾತ್ರ, ಆದ್ದರಿಂದ ಲೆಕ್ಕ ಕೆಡುವುದಿಲ್ಲ. ಪ್ರಯೋಗಾಲಯ ದೂರವಿದ್ದರೆ ಬಾಯಿಯಂಚಿಗೆ ನೀರು ತುಂಬಿಸಿ, ಕತ್ತಲೆಯಲ್ಲಿ, ತಂಪಾಗಿ ಒಯ್ದು 8 ಗಂಟೆಯೊಳಗೆ ಟೈಟ್ರೇಟ್ ಮಾಡಿ. ಬಿಸಿಲಿಗೆ ಇಟ್ಟರೆ ಅಯೊಡೈಡ್ ತಾನೇ ಅಯೋಡಿನ್ ಆಗಿ ಅಂಕಿ ಏರುತ್ತದೆ.

ಟೈಟ್ರೇಶನ್

ಬಾಟಲಿಯಿಂದ 201 ಮಿ.ಲೀ. ಅಳೆದು ಫ್ಲಾಸ್ಕಿಗೆ ಹಾಕಿ. 200 ಅಲ್ಲ, 201: ಎರಡು ದ್ರಾವಣ ಹಾಕಿದಾಗ 2 ಮಿ.ಲೀ. ಮಾದರಿ ಹೊರಹೋಗಿದೆ, 200 ಮಿ.ಲೀ. ಮೂಲ ನೀರಿಗೆ ಸಮನಾಗಲು 201 ಬೇಕು. ಬ್ಯುರೆಟ್‌ನಿಂದ ಥಯೋಸಲ್ಫೇಟ್ ಬಿಡುತ್ತಾ ಬನ್ನಿ. ಬಣ್ಣ ಒಣಹುಲ್ಲಿನ ತಿಳಿಹಳದಿಗೆ ಬಂದಾಗ ಮಾತ್ರ ಪಿಷ್ಟದ ಕೆಲವು ಹನಿ ಹಾಕಿ. ಮೊದಲೇ ಹಾಕಿದರೆ ಹೆಚ್ಚಿನ ಅಯೋಡಿನ್ ಪಿಷ್ಟಕ್ಕೆ ಅಂಟಿಕೊಂಡು ಬಿಡಲು ತಡಮಾಡುತ್ತದೆ, ಕೊನೆಯ ಬಿಂದು ದಾಟಿಹೋಗುತ್ತದೆ. ನೀಲಿ ಮೊದಲ ಸಲ ಮಾಯವಾದ ಕ್ಷಣವೇ ಕೊನೆ. ಸ್ವಲ್ಪ ಹೊತ್ತಿನ ಮೇಲೆ ನೀಲಿ ಮರಳಿದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತಕ್ಷಣವೇ ಮತ್ತೆ ಮತ್ತೆ ಮರಳುತ್ತಿದ್ದರೆ ಅಜೈಡ್ ಹಳತಾಗಿದೆ, ನೈಟ್ರೈಟ್ ಉಳಿದಿದೆ.

200 ಮಿ.ಲೀ. ಮಾದರಿಗೆ 0.025 ಮೋಲಾರ್ ಥಯೋಸಲ್ಫೇಟ್ ಬಳಸಿದಾಗ 1 ಮಿ.ಲೀ. ಎಂದರೆ ನೇರವಾಗಿ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ಬ್ಯುರೆಟ್ 6.3 ತೋರಿಸಿದರೆ ಉತ್ತರ 6.3. ಪ್ರತಿ ಜಾಗಕ್ಕೂ ಜೋಡಿ ಬಾಟಲಿ ತೆಗೆಯಿರಿ. ಎರಡರ ನಡುವೆ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾದರಿ ತುಂಬುವುದರಲ್ಲಿ ದೋಷವಿದೆ.

ಕೊಳೆತ ಮೊಟ್ಟೆಯ ವಾಸನೆ ಬರುವ ನೀರಿನಲ್ಲಿ ಸಲ್ಫೈಡ್ ಅಯೋಡಿನ್ನನ್ನು ತಿಂದು ಅಂಕಿ ತಗ್ಗಿಸುತ್ತದೆ. ಅಂಥಲ್ಲಿ ಆಪ್ಟಿಕಲ್ ಮೀಟರ್ ಮೇಲು. ಕೆಮ್ಮಣ್ಣಿನ ನೀರಿನಲ್ಲಿ ಫೆರಿಕ್ ಕಬ್ಬಿಣ ಹೆಚ್ಚಿದ್ದರೆ ಆಮ್ಲಕ್ಕೆ ಮೊದಲು 1 ಮಿ.ಲೀ. ಪೊಟ್ಯಾಸಿಯಂ ಫ್ಲೋರೈಡ್ ದ್ರಾವಣ ಹಾಕುತ್ತಾರೆ. ಬಳಸಿದ ದ್ರಾವಣವನ್ನೆಲ್ಲ ಕ್ಯಾನಿನಲ್ಲಿ ಸಂಗ್ರಹಿಸಿ ಪ್ರಯೋಗಾಲಯಕ್ಕೆ ತನ್ನಿ. ಒಂದು ಹನಿಯೂ ಕೆರೆಗೆ ಹೋಗಬಾರದು.

ಜೊತೆಗೊಂದು ಕ್ಷಾರೀಯತೆ ಪರೀಕ್ಷೆ

ಪಾಚಿ ಹಗಲಲ್ಲಿ ಆಮ್ಲಜನಕ ಬಿಡುವಾಗ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುತ್ತದೆ. ಅದು ತೀರಿದಾಗ ಪಿಎಚ್ 8.3 ದಾಟುತ್ತದೆ. ಇದನ್ನು ಪಿಎಚ್ ಮೀಟರ್ ಇಲ್ಲದೆಯೂ ಹಿಡಿಯಬಹುದು: 100 ಮಿ.ಲೀ. ನೀರಿಗೆ ಎರಡು ಹನಿ ಫಿನಾಲ್ಫ್ಥಲೀನ್ ಹಾಕಿ. ಮುಂಜಾನೆ ಬಣ್ಣವಿಲ್ಲದ ನೀರು ಮಧ್ಯಾಹ್ನ ಗುಲಾಬಿಯಾದರೆ, ಆಮ್ಲಜನಕದ ಏರಿಕೆಗೆ ಪಾಚಿಯೇ ಕಾರಣ ಎಂಬುದಕ್ಕೆ ಇನ್ನೊಂದು ಸಾಕ್ಷಿ. 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲದಿಂದ ಮೊದಲು ಗುಲಾಬಿ ಹೋಗುವವರೆಗೆ, ನಂತರ ಮೀಥೈಲ್ ಆರೆಂಜ್ ಹಾಕಿ ಹಳದಿ ಕಿತ್ತಳೆಗೆ ತಿರುಗುವವರೆಗೆ ಟೈಟ್ರೇಟ್ ಮಾಡಿ. ಒಟ್ಟು ಮಿ.ಲೀ.ಯನ್ನು 10ರಿಂದ ಗುಣಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ ಮಿ.ಗ್ರಾಂನಲ್ಲಿ, ಒಟ್ಟು ಕ್ಷಾರೀಯತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ.

ಪಿಎಚ್ ಏರುವುದು ಮೀನಿಗೆ ಇನ್ನೊಂದು ಅಪಾಯ. ಕೊಳಚೆಯ ಅಮೋನಿಯಾದಲ್ಲಿ ವಿಷಕಾರಿ ರೂಪ 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ ಶೇ. 0.6ರಷ್ಟು ಮಾತ್ರ. ಪಿಎಚ್ 9ರಲ್ಲಿ ಅದು ಶೇ. 36. ಮುಂಜಾನೆ ಉಸಿರಿಲ್ಲದೆ ಬಳಲಿದ ಮೀನಿಗೆ ಮಧ್ಯಾಹ್ನ ಅಮೋನಿಯಾ ಕಾದಿರುತ್ತದೆ.

ಅಂಕಿಗಳನ್ನು ಓದುವುದು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಯೋಗ್ಯವಾದ 'ಬಿ' ವರ್ಗದ ನೀರಿಗೆ ಲೀಟರಿಗೆ ಕನಿಷ್ಠ 5 ಮಿ.ಗ್ರಾಂ, ಮೀನು ಮತ್ತು ವನ್ಯಜೀವಿಗಳ 'ಡಿ' ವರ್ಗಕ್ಕೆ 4 ಮಿ.ಗ್ರಾಂ ಆಮ್ಲಜನಕ ಬೇಕು. ಹೆಚ್ಚಿದ್ದರೆ ಒಳ್ಳೆಯದೆಂಬ ಭಾವನೆ ಇಲ್ಲಿ ದಾರಿ ತಪ್ಪಿಸುತ್ತದೆ. ಬೆಂಗಳೂರಿನ ಒಂದು ಕೆರೆಯಲ್ಲಿ ಮಧ್ಯಾಹ್ನ 28 ಡಿಗ್ರಿಯಲ್ಲಿ 12.6 ಬಂತೆನ್ನಿ. ಸಂತೃಪ್ತ ಮಟ್ಟ 7.0, ಅಂದರೆ ಶೇ. 180. ಅದೇ ಜಾಗದಲ್ಲಿ ಮುಂಜಾನೆ 24 ಡಿಗ್ರಿಯಲ್ಲಿ 2.3, ಅಂದರೆ ಶೇ. 31. ಸ್ವಚ್ಛ ಕೆರೆ ಹೀಗೆ ತೂಗಾಡುವುದಿಲ್ಲ, ಅದು ದಿನವಿಡೀ ಶೇ. 100ರ ಆಸುಪಾಸಿನಲ್ಲಿರುತ್ತದೆ. ಹಗಲು-ರಾತ್ರಿಯ ಈ ಅಂತರ ಕೊಳಚೆಯ ಸಾರಜನಕ, ರಂಜಕಗಳಿಂದ ಕೊಬ್ಬಿದ ಪಾಚಿಯ ಗುರುತು.

ರಾತ್ರಿ ಪಾಚಿ, ಬ್ಯಾಕ್ಟೀರಿಯಾ, ತಳದ ಕೆಸರು ಎಲ್ಲವೂ ಆಮ್ಲಜನಕ ಬಳಸುತ್ತವೆ, ಕೊಡುವವರು ಯಾರೂ ಇಲ್ಲ. ಇಡೀ ದಿನ ಮೋಡ ಕವಿದಿದ್ದರೆ ಹಗಲಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಅಷ್ಟೇ. ಬೇಸಿಗೆಯ ಮೊದಲ ಬಿರುಮಳೆಯಲ್ಲಿ ತಳದ ಆಮ್ಲಜನಕವಿಲ್ಲದ ನೀರು ಕೆಸರಿನೊಂದಿಗೆ ಮೇಲೆದ್ದು ಬರುತ್ತದೆ, ಚರಂಡಿಗಳ ಕೊಳೆಯೂ ಒಮ್ಮೆಲೇ ಸೇರುತ್ತದೆ. ಈ ಎರಡು ಸಂದರ್ಭಗಳಲ್ಲಿ ಅಪಾಯವನ್ನು ಹಿಂದಿನ ಸಂಜೆಯೇ ಅಂದಾಜಿಸಬಹುದು. ಸಂಜೆ 6ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಅಳೆಯಿರಿ. 8.0 ಇದ್ದದ್ದು 6.2ಕ್ಕೆ ಇಳಿದರೆ ಗಂಟೆಗೆ 0.6 ಖರ್ಚು. ಬೆಳಗಿನ 6ಕ್ಕೆ ಇನ್ನೂ 9 ಗಂಟೆ ಬಾಕಿ, 5.4 ಕಳೆದರೆ ಉಳಿಯುವುದು 0.8. ಆಮ್ಲಜನಕ ತಗ್ಗಿದಂತೆ ಖರ್ಚೂ ನಿಧಾನವಾಗುವುದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಮೇಲಿರಬಹುದು, ಆದರೂ ಕಾಟ್ಲಾ, ರೋಹು ತಡೆಯುವ ಮಟ್ಟವಲ್ಲ.

ಲೆಕ್ಕ 2ಕ್ಕಿಂತ ಕೆಳಗೆ ಬಂದರೆ ಏರೇಟರುಗಳನ್ನು ಮಧ್ಯರಾತ್ರಿಗೆ ಮುಂಚೆಯೇ ಹಾಕಿ. ಮೀನು ಬಾಯಿ ಮೇಲೆತ್ತಿದ ಮೇಲೆ ಹಾಕಿದರೆ ತಡವಾಗಿರುತ್ತದೆ. ಏರೇಟರ್ ಇಲ್ಲದಿದ್ದರೆ ಪಂಪಿನಿಂದ ಮೇಲ್ಪದರದ ನೀರನ್ನೇ ಎತ್ತಿ ಚಿಮ್ಮಿಸಿ. ಪಂಪಿನ ಬಾಯಿ ತಳಕ್ಕೆ ಇಳಿದರೆ ಕೆಸರು ಕಲಕಿ ಇದ್ದ ಆಮ್ಲಜನಕವೂ ಹೋಗುತ್ತದೆ. ಮೀನಿಗೆ ಆಹಾರ ಹಾಕುವುದನ್ನು ನಿಲ್ಲಿಸಿ. ಪಾಚಿ ಕೊಲ್ಲಲೆಂದು ಆ ದಿನಗಳಲ್ಲಿ ಮೈಲುತುತ್ತ ಹಾಕಲೇಬೇಡಿ: ಸತ್ತ ಪಾಚಿ ಕೊಳೆಯುವಾಗ ಬಳಸುವ ಆಮ್ಲಜನಕವನ್ನು ಮರುದಿನದ ಬಿಸಿಲಿನಲ್ಲಿ ತುಂಬಿಕೊಡಲು ಜೀವಂತ ಪಾಚಿಯೂ ಇರುವುದಿಲ್ಲ.